ಕೆಂಪು ಒಂದು, ಹಳದಿ ಎಷ್ಟು?

ಆ ವರ್ಷ ಶಾಲೆ ಬಾಗಿಲು ತೆರೆದ ಮೊದಲ ವಾರದಲ್ಲೇ ನನ್ನ ಅಂಗನವಾಡಿಯ ಒಂಬತ್ತು ಮಕ್ಕಳು ಅಂಗಳ ದಾಟಿ ಆಚೆ ಹೋದವು. ಎದುರಿನ ಪ್ರಾಥಮಿಕ ಶಾಲೆಯಲ್ಲಿ ಹೊಸದಾಗಿ ಎಲ್‌ಕೆಜಿ ಶುರುವಾಗಿತ್ತು. ನಮ್ಮದು ತ್ಯಾಗಲಿಯಿಂದ ಒಳಗೆ ಹೋದರೆ ಸಿಗುವ ಸಣ್ಣ ಊರು. ಆ ವಯಸ್ಸಿನ ಮಕ್ಕಳೆಂದರೆ ಒಟ್ಟು ಹದಿನೇಳು. ಇಪ್ಪತ್ತೊಂದು ವರ್ಷ ಊರಿನ ಮಕ್ಕಳೆಲ್ಲ ಮೊದಲು ನನ್ನ ಕೈಗೇ ಬಂದಿದ್ದವು.

ಎಲ್‌ಕೆಜಿಗೆ ಬಂದವಳು ಇಪ್ಪತ್ತೈದರ ಹುಡುಗಿ. ಇಸಳೂರಿನಿಂದ ಸ್ಕೂಟಿಯಲ್ಲಿ ಬರುತ್ತಿದ್ದಳು. ಮೊದಲ ದಿನವೇ ನನ್ನ ಬಾಗಿಲಿಗೆ ಬಂದು, "ನಮಸ್ಕಾರ ಅಕ್ಕೋರೇ" ಎಂದಳು. ನಮ್ಮ ಕಡೆ ಪಾಠ ಹೇಳುವ ಹೆಂಗಸರೆಲ್ಲ ಅಕ್ಕೋರು. ನಾನು ಅಕ್ಕಿ ಆರಿಸುತ್ತಿದ್ದ ಮೊರದಿಂದ ತಲೆ ಎತ್ತಲಿಲ್ಲ. ಅವಳು ತನ್ನ ತರಗತಿಗೆ ಹೋದಳು. ಮಕ್ಕಳು ಅವಳನ್ನು ಮಿಸ್ ಎಂದು ಕರೆಯತೊಡಗಿದವು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ನನ್ನ ಹತ್ತಿರ ಒಂದು ಚೀಲದ ತುಂಬ ಮರದ ತುಂಡುಗಳಿದ್ದವು. ಬಡಗಿಯ ಹತ್ತಿರ ಉಳಿದ ಚೂರುಗಳನ್ನು ತಂದು, ಉಪ್ಪುಕಾಗದದಲ್ಲಿ ಉಜ್ಜಿ, ನಾನೇ ಕೆಂಪು, ಹಳದಿ, ನೀಲಿ ಬಣ್ಣ ಬಳಿದದ್ದು. ಅವುಗಳಲ್ಲಿ ಮಕ್ಕಳು ಗೋಪುರ ಕಟ್ಟುತ್ತಿದ್ದವು, ಬೀಳಿಸುತ್ತಿದ್ದವು. ಆಮೇಲೆ ನಾನು ಸಾಲು ಇಡಿಸುತ್ತಿದ್ದೆ. ಕೆಂಪು, ಹಳದಿ, ಹಳದಿ. ಕೆಂಪು, ಹಳದಿ, ಹಳದಿ. ಮುಂದೆ ಯಾವುದು? ತುಂಡು ಇಡುತ್ತ ಬಾಯಲ್ಲಿ ಹೇಳಬೇಕು, ಚಪ್ಪಾಳೆ ತಟ್ಟಬೇಕು. ಲೆಕ್ಕ ಎಂಬುದು ಅಂಕಿ ಬರೆಯುವ ಮೊದಲೇ ಶುರುವಾಗುತ್ತದೆ, ಮುಂದೆ ಏನು ಬರುತ್ತದೆ ಎಂದು ಮಗುವಿಗೆ ತಾನೇ ಹೊಳೆಯಬೇಕು ಎಂದು ತರಬೇತಿಯಲ್ಲಿ ಹೇಳಿದ್ದನ್ನು ನಾನು ನಂಬಿದ್ದೆ. ನಂಬುವಂತೆ ಮಾಡಿದವಳು ನಾಲ್ಕು ವರ್ಷದ ಒಂದು ಹುಡುಗಿ. ಒಂದು ದಿನ ಊಟವಾದ ಮೇಲೆ ಯಾರೂ ಹೇಳದೆಯೇ ಲೋಟ, ತಟ್ಟೆ, ತಟ್ಟೆ; ಲೋಟ, ತಟ್ಟೆ, ತಟ್ಟೆ ಎಂದು ಜಗಲಿಯ ಉದ್ದಕ್ಕೂ ಜೋಡಿಸಿಟ್ಟಿದ್ದಳು.

ಹತ್ತನೆಯವಳಾಗಿ ಹೋದದ್ದು ಅದೇ ಹುಡುಗಿ. ಅವಳ ತಾಯಿ ಬಂದು ಬಾಗಿಲ ಹೊರಗೇ ನಿಂತಳು.

"ಅಕ್ಕೋರೇ, ಬೇಜಾರು ಮಾಡ್ಕಳಡಿ. ನಮ್ಮನೆ ಕೂಸಿನ್ನ ಆಚೆ ಶಾಲೆಗೆ ಕಳಿಸ್ತ್ಯ. ಅಲ್ಲಿ ನೂರರ ತನಕ ಎಣಿಕೆ ಹೇಳಿಕೊಡ್ತ್ವಡ."

"ಇಲ್ಲಿ ಎಂತ ಹೇಳಿಕೊಡೂದಿಲ್ಲ?"

"ಇಲ್ಲಿ ಬರೀ ತುಂಡು ಇಟ್ಟು ಆಡೋದೇ ಆಗೋತು. ಆಟ ಮನೇಲೂ ಆಡ್ತು."

"ಕರ್ಕೊಂಡು ಹೋಗಿ" ಎಂದೆ. ಹುಡುಗಿಯ ಕೈಯಲ್ಲಿ ಒಂದು ನೀಲಿ ತುಂಡು ಇತ್ತು. ಅದನ್ನು ಕಿತ್ತುಕೊಂಡೆ. ಅವಳು ಅತ್ತಳು. ನಾನು ಬಾಗಿಲು ಹಾಕಿದೆ.

ಅಡುಗೆ ಮಾಡುತ್ತಿದ್ದ ನಮ್ಮ ಸಹಾಯಕಿ ಒಳಗಿನಿಂದಲೇ, "ನೀವೂ ನೂರರ ತನಕ ಹೇಳ್ಸಿಬಿಡಿ ಅಕ್ಕೋರೇ. ಎಂತಕ್ಕೆ ಈ ರಗಳೆ?" ಎಂದಳು. ಅವಳ ಜೊತೆ ಎರಡು ದಿನ ಮಾತು ಬಿಟ್ಟೆ.

ಆಮೇಲೆ ನಾನು ಮಾಡಿದ್ದೆಲ್ಲ ಹೇಳಿಕೊಳ್ಳುವಂಥದ್ದಲ್ಲ. ಆಚೆಯ ಮಕ್ಕಳ ಚೆಂಡು ನಮ್ಮ ಬೇಲಿಯೊಳಗೆ ಬಿದ್ದರೆ ಸಂಜೆಯವರೆಗೆ ಕೊಡುತ್ತಿರಲಿಲ್ಲ. ಮಿಸ್ ತನ್ನ ಮಕ್ಕಳು ಒಂದರಿಂದ ನೂರು ಒದರುವ ವಿಡಿಯೋ ಮಾಡಿ ಪಾಲಕರ ವಾಟ್ಸಾಪ್ ಗುಂಪಿಗೆ ಹಾಕಿದಳು. ಎಲ್ಲರೂ ಕೈಮುಗಿಯುವ ಚಿತ್ರ ಹಾಕಿದರು. ನಾನು ಅದನ್ನು ಮೂರು ಸಲ ನೋಡಿದೆ, ಯಾವ ಮಗು ಎಲ್ಲಿ ತಪ್ಪುತ್ತದೆ ಎಂದು ಹುಡುಕುವುದಕ್ಕೆ.

ದೀಪಾವಳಿ ಕಳೆದ ಮೇಲೆ ಶಾಲೆಯಲ್ಲಿ ಪಾಲಕರ ಸಭೆ ಕರೆದರು. ನನ್ನನ್ನೂ ಕರೆದಿದ್ದರು. ನಾನು ತುಂಡಿನ ಚೀಲ ಹೆಗಲಿಗೆ ಹಾಕಿಕೊಂಡೇ ಹೋದೆ. ಮಿಸ್ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನೂರರವರೆಗೆ ಹೇಳಿಸಿದಳು. ಚಪ್ಪಾಳೆ ಬಿತ್ತು. ಚಪ್ಪಾಳೆ ನಿಲ್ಲುವ ಮೊದಲೇ ನಾನು ಎದ್ದು ನಿಂತೆ.

"ಬಾಯಿಪಾಠ ಗಿಳೀನೂ ಮಾಡ್ತದೆ. ಮಕ್ಕಳಿಗೆ ಲೆಕ್ಕ ತಿಳಿದದ್ಯೋ ಇಲ್ಲವೋ ನಾನು ತೋರಿಸ್ತೆ."

ಮುಖ್ಯಾಧ್ಯಾಪಕರು, "ಇವತ್ತು ಬೇಡ, ಅಕ್ಕೋರೇ" ಎಂದರು. ನಾನು ಕೇಳಲಿಲ್ಲ. ನೆಲದ ಮೇಲೆ ತುಂಡು ಸುರಿದು ಆ ಹುಡುಗಿಯನ್ನೇ ಕರೆದೆ. ನನ್ನ ಮನಸ್ಸಿನಲ್ಲಿದ್ದದ್ದು ಇಷ್ಟೇ: ಅವಳು ಸರಿ ಇಟ್ಟರೆ ನಾನು ಕಲಿಸಿದ್ದು, ತಪ್ಪು ಇಟ್ಟರೆ ಮಿಸ್ ಕೆಡಿಸಿದ್ದು. ಎರಡರಲ್ಲೂ ಗೆಲುವು ನನ್ನದೇ.

ಕೆಂಪು, ಹಳದಿ ಇಟ್ಟೆ. ಪಕ್ಕದಲ್ಲಿ ಕೆಂಪು, ಹಳದಿ, ಹಳದಿ ಇಟ್ಟೆ. "ಮುಂದೆ?" ಎಂದೆ.

ಆ ಐದೂ ಸೇರಿ ಒಂದು ಸಾಲು, ಮತ್ತೆ ಮೊದಲಿನಿಂದ ಕೆಂಪು, ಹಳದಿ ಬರಬೇಕು ಎಂಬುದು ನನ್ನ ಲೆಕ್ಕ. ಹುಡುಗಿ ಕುಕ್ಕರಗಾಲಿನಲ್ಲಿ ಕೂತು ಸಾಲನ್ನು ತುಂಬ ಹೊತ್ತು ನೋಡಿದಳು. ಕೆಂಪು ಇಟ್ಟಳು. ಹಳದಿ ಇಟ್ಟಳು. ಇನ್ನೊಂದು ಹಳದಿ. ಮತ್ತೊಂದು ಹಳದಿ.

"ತಪ್ಪು" ಎಂದೆ. ದನಿ ನಾನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ನೋಡಿ, ನನ್ನ ಹತ್ತಿರ ಇದ್ದಾಗ ಕಣ್ಣು ಮುಚ್ಚಿ ಇಡ್ತಿತ್ತು. ನಾಲ್ಕು ತಿಂಗಳಲ್ಲಿ ಹೀಂಗಾಯ್ತು."

ಹುಡುಗಿ ತಾಯಿಯ ಕಡೆ ನೋಡಿದಳು. ತಾಯಿ ತಲೆ ತಗ್ಗಿಸಿದಳು. ಮಿಸ್ ಎದ್ದು ಬಂದು ಹುಡುಗಿಯ ಪಕ್ಕದಲ್ಲಿ ನೆಲಕ್ಕೆ ಕೂತಳು.

"ಎಷ್ಟು ಹಳದಿ ಇಟ್ಟೆ ಪುಟ್ಟಿ?"

"ಮೂರು."

"ಯಾಕೆ?"

ಹುಡುಗಿ ಬೆರಳಿಟ್ಟು ತೋರಿಸಿದಳು. "ಇಲ್ಲಿ ಒಂದು. ಇಲ್ಲಿ ಎರಡು. ಇಲ್ಲಿ ಮೂರು."

ಮಿಸ್ ನನ್ನ ಕಡೆ ನೋಡಿದಳು. "ಅಕ್ಕೋರೇ, ಇವಳು ಇಟ್ಟಿದ್ದು ಸರಿಯಾಗೇ ಇದೆ. ತಪ್ಪು ಅಂತ ಯಾಕೆ ಹೇಳಿದ್ರಿ?"

ಒಂದು ಸಾಲನ್ನು ಕನಿಷ್ಠ ಎರಡು ಸಲ ಇಟ್ಟು ತೋರಿಸದೆ ಮುಂದಿನದನ್ನು ಕೇಳಬಾರದು. ಇಷ್ಟು ವರ್ಷ ನಾನು ಪಾಲಿಸಿದ ನಿಯಮ ಅದು. ಗೆಲ್ಲುವ ಅವಸರದಲ್ಲಿ ಒಂದೇ ಸಲ ಇಟ್ಟಿದ್ದೆ. ಮಗು ಅದರಲ್ಲಿ ನನಗೆ ಕಾಣದ ಮೆಟ್ಟಿಲು ಕಂಡಿತ್ತು. ಅದನ್ನು ಆಗಲೇ ಹೇಳಿ, ಹುಡುಗಿಯ ಬೆನ್ನು ತಟ್ಟಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. "ನಿಂಗೆ ಎಷ್ಟು ವರ್ಷದ ಅನುಭವ?" ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ತುಂಡುಗಳನ್ನು ಬಾಚಿ ಚೀಲಕ್ಕೆ ತುಂಬಿಕೊಂಡು ಹೊರಟೆ. ಒಂದೆರಡು ಅಲ್ಲೇ ಉಳಿದವು. ತಿರುಗಿ ಹೋಗಿ ತರುವ ಮನಸ್ಸಾಗಲಿಲ್ಲ.

ಮುಂದಿನ ವಾರ ನೋಡಿದರೆ ಆಚೆಯ ಜಗಲಿಯಲ್ಲಿ ಎಲ್‌ಕೆಜಿ ಮಕ್ಕಳು ಬಾಟಲಿ ಮುಚ್ಚಳಗಳನ್ನು ಬಣ್ಣದ ಸಾಲಿನಲ್ಲಿ ಇಡುತ್ತಿದ್ದವು. ಖುಷಿಪಡಬೇಕಿತ್ತು. ಮಿಸ್ ನನ್ನ ವಿದ್ಯೆ ಕದ್ದಳು ಎಂದು ಸಹಾಯಕಿಯ ಎದುರು ಕೂಗಾಡಿದೆ. ಮಿಸ್ ತಪ್ಪು ಮಾಡಿದ್ದರೆ ನಾನು ಎಂದೋ ಮರೆತುಬಿಡುತ್ತಿದ್ದೆ. ಅವಳು ಸರಿಯಿದ್ದಳು ಎಂಬುದೇ ನನಗೆ ತಡೆಯಲಾಗಲಿಲ್ಲ.

ಆ ಹುಡುಗಿ ಈಗ ಎರಡನೆಯ ತರಗತಿ. ಕಳೆದ ತಿಂಗಳು ಕೈ ತೊಳೆಯಲು ನಮ್ಮ ನಲ್ಲಿಗೆ ಬಂದಾಗ ನಿಲ್ಲಿಸಿ ಹೇಳಿದೆ: "ಅವತ್ತು ಸಭೇಲಿ ನೀನು ಇಟ್ಟಿದ್ದು ಸರಿ ಇತ್ತು. ನಂದೇ ತಪ್ಪು."

"ಯಾವತ್ತು ಅಕ್ಕೋರೇ?" ಎಂದಳು. ಅವಳಿಗೆ ನಿಜವಾಗಿಯೂ ನೆನಪಿರಲಿಲ್ಲ. ಲಂಗಕ್ಕೆ ಕೈ ಒರೆಸಿಕೊಂಡು ಓಡಿದಳು.

ಮಿಸ್‌ಗೆ ಈ ಮಾತನ್ನು ನಾನು ಇನ್ನೂ ಹೇಳಿಲ್ಲ. ಅವಳೂ ಈಗ ನಮಸ್ಕಾರ ಹೇಳುವುದನ್ನು ಬಿಟ್ಟಿದ್ದಾಳೆ. ಅಂಗಳದಲ್ಲಿ ಎದುರಾದರೆ ಇಬ್ಬರೂ ಮುಖ ತಿರುಗಿಸಿಕೊಂಡು ಹೋಗುತ್ತೇವೆ.