ನನ್ನ ಹೃದಯಕ್ಕೆ ಬಂದ ಎಂಬತ್ತೇಳು

ಸ್ಟೆಂಟ್ ಹಾಕುವುದಕ್ಕೆ ಮೊದಲು ಒಂದು ತಿಂಗಳು ನನಗೆ ನಾನೇ ಡಾಕ್ಟರಾಗಿದ್ದೆ. ಡಾಲಸ್ ಪಕ್ಕದ ಪ್ರಾಸ್ಪರ್‌ನ ನಮ್ಮ ಹೊಸ ಬಡಾವಣೆಯಲ್ಲಿ ಕಸದ ಡಬ್ಬಿಯನ್ನು ರಸ್ತೆಯ ಅಂಚಿಗೆ ಎಳೆದುಕೊಂಡು ಹೋಗುವಾಗ ಎದೆ ಬಿಗಿಯುತ್ತಿತ್ತು. ಓದಿದವನಾದ್ದರಿಂದ ಅದು ಗ್ಯಾಸ್ ಎಂದು ತೀರ್ಮಾನಿಸಿದೆ. ಡಬ್ಬಿಯನ್ನು ನಡುದಾರಿಯಲ್ಲಿ ನಿಲ್ಲಿಸಿ, ಜೇಬಿನಿಂದ ಫೋನ್ ತೆಗೆದು, ಕಂಪನಿಯೇ ನನ್ನ ಉತ್ತರಕ್ಕಾಗಿ ಕಾಯುತ್ತಿದೆ ಎಂಬಂತೆ ಪರದೆ ನೋಡುತ್ತಾ ನಿಲ್ಲುತ್ತಿದ್ದೆ. ಬಿಗಿತ ಇಳಿದ ಮೇಲೆ ಮುಂದಿನ ಹತ್ತು ಹೆಜ್ಜೆ. ನಾಲ್ಕನೇ ವಾರ ಹೆಂಡತಿ ಕಿಟಕಿಯಿಂದ ಇದನ್ನು ನೋಡಿದಳು. ವಾದಕ್ಕೆ ಅವಕಾಶ ಕೊಡದೆ ಕಾರು ತೆಗೆದಳು.

ಡಾಲಸ್‌ನ ಆಸ್ಪತ್ರೆಯಲ್ಲಿ ಮಣಿಕಟ್ಟಿನ ಮೂಲಕ ಒಳಗೆ ಹೋಗಿ, ಹೃದಯದ ಮುಂಭಾಗದ ದೊಡ್ಡ ರಕ್ತನಾಳದಲ್ಲಿ ಸ್ಟೆಂಟ್ ಎಂಬ ಜಾಲರಿ ಕೊಳವೆ ಕೂರಿಸಿದರು. ನಾನು ಎಚ್ಚರವಾಗಿಯೇ ಇದ್ದೆ. ಪರದೆಯ ಮೇಲೆ, ಮೊದಲು ಹಿಂಡಿದಂತಿದ್ದ ನಾಳ ಈಗ ಸಲೀಸಾಗಿ ತುಂಬಿಕೊಂಡು ಹರಿಯುತ್ತಿತ್ತು. ‘ತುಂಬಾ ಚೆನ್ನಾಗಿ ಕೂತಿದೆ,’ ಎಂದರು ಡಾಕ್ಟರು. ನಾನು ಕೃತಜ್ಞತೆಯ ಭಾಷಣಕ್ಕೆ ಸಿದ್ಧನಾಗುತ್ತಿದ್ದೆ. ಅಷ್ಟರಲ್ಲಿ ಅವರು, ‘ಚಿತ್ರ ಚೆನ್ನಾಗಿದೆ ಅಂದಮಾತ್ರಕ್ಕೆ ಹರಿವು ಚೆನ್ನಾಗಿದೆ ಅಂತಲ್ಲ. ಒಂದು ಸಲ ಅಳೆದುಬಿಡೋಣ,’ ಎಂದರು.

ಚೆನ್ನಾಗಿರುವುದನ್ನು ಚೆನ್ನಾಗಿಯೇ ಬಿಡಲಾರದ ಜನ ನಮ್ಮ ಆಫೀಸಿನಲ್ಲಿ ಮಾತ್ರ ಇದ್ದಾರೆಂದು ತಿಳಿದಿದ್ದೆ. ಕೂದಲಿನಂಥ ತಂತಿ ಸ್ಟೆಂಟ್ ದಾಟಿ ಆಚೆಗೆ ಹೋಯಿತು. ಅದರ ತುದಿಯಲ್ಲಿ ರಕ್ತದ ಒತ್ತಡ ಅಳೆಯುವ ಸಾಧನವಿತ್ತು. ಹರಿವನ್ನು ಹೆಚ್ಚಿಸುವ ಔಷಧ ಕೊಟ್ಟಾಗ ಎದೆಯ ಮೇಲೆ ಯಾರೋ ಅಕ್ಕಿ ಮೂಟೆ ಇಟ್ಟಂತಾಯಿತು. ‘ಎರಡು ನಿಮಿಷ ಅಷ್ಟೆ,’ ಎಂದಳು ನರ್ಸ್. ಅವಳ ಎದೆಯ ಮೇಲೆ ಮೂಟೆ ಇರಲಿಲ್ಲ.

ಲೆಕ್ಕ ಸರಳ. ಸ್ಟೆಂಟಿನ ಆಚೆ ಉಳಿಯುವ ಒತ್ತಡ, ನಾಳ ಶುರುವಾಗುವಲ್ಲಿನ ಒತ್ತಡದಷ್ಟೇ ಇದ್ದರೆ ನೂರಕ್ಕೆ ನೂರು. ನನಗೆ ಎಂಬತ್ನಾಲ್ಕು ಬಂತು. ಡಾಕ್ಟರು ಪುಟ್ಟ ಬಲೂನು ತೂರಿಸಿ ಸ್ಟೆಂಟನ್ನು ಮತ್ತಷ್ಟು ಹಿಗ್ಗಿಸಿದರು. ಮತ್ತೆ ಅಳತೆ, ಮತ್ತೆ ಅಕ್ಕಿ ಮೂಟೆ. ಎಂಬತ್ತೇಳು. ತಂತಿಯನ್ನು ನಿಧಾನವಾಗಿ ಹಿಂದಕ್ಕೆಳೆಯುತ್ತಾ ನೋಡಿದರು. ಒತ್ತಡ ಒಂದೇ ಕಡೆ ಕುಸಿಯುತ್ತಿರಲಿಲ್ಲ. ನಾಳದುದ್ದಕ್ಕೂ ಸ್ವಲ್ಪಸ್ವಲ್ಪವೇ ಸೋರುತ್ತಿತ್ತು.

‘ಇದಕ್ಕೆ ಇನ್ನೊಂದು ಸ್ಟೆಂಟ್ ಹಾಕಿ ಪ್ರಯೋಜನವಿಲ್ಲ. ಮಾತ್ರೆ, ನಡಿಗೆ, ಊಟದ ಶಿಸ್ತು,’ ಎಂದರು.

‘ಎಂಬತ್ತೇಳು ಅಂದರೆ ನನ್ನ ಭವಿಷ್ಯ ಏನು?’

‘ಈ ಸಂಖ್ಯೆ ಕಮ್ಮಿಯಿದ್ದವರಿಗೆ ಮುಂದೆ ತೊಂದರೆ ಮರುಕಳಿಸುವ ಸಂಭವ ಜಾಸ್ತಿ. ಹೆಚ್ಚಿದ್ದವರಿಗೆ ಕಮ್ಮಿ. ನಿಮಗೆ ಏನಾಗುತ್ತೆ ಅಂತ ಇದು ಹೇಳಲ್ಲ.’

ಊರಿನ ಜ್ಯೋತಿಷಿಗಳಾದರೂ ತಿಂಗಳು, ದಿಕ್ಕು ಹೇಳಿ ಸಮಾಧಾನ ಮಾಡುತ್ತಾರೆ.

ಕ್ಯಾರಲ್ಟನ್‌ನ ಇಂಡಿಯನ್ ಅಂಗಡಿಯಲ್ಲಿ ಸಿಕ್ಕ ಪರಿಚಯದವರಿಗೆಲ್ಲ ಸುದ್ದಿ ಮುಟ್ಟಿತ್ತು. ಬೆಂಡೆಕಾಯಿ ಮುರಿದು ನೋಡುತ್ತಿದ್ದ ಆಂಟಿಯೊಬ್ಬರು, ‘ಎಂಬತ್ತೇಳಾ? ಪರವಾಗಿಲ್ಲ, ನಮ್ಮ ಮಗನಿಗೂ ಗಣಿತದಲ್ಲಿ ಅಷ್ಟೇ ಬಂದಿತ್ತು. ಈಗ ನೋಡಿ, ಹೇಗಿದ್ದಾನೆ,’ ಎಂದು ಧೈರ್ಯ ಹೇಳಿದರು.

ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವರು ನಮ್ಮ ಭಾವ. ಅಕ್ಕನ ಗಂಡ, ಧಾರವಾಡದವರು, ಹ್ಯೂಸ್ಟನ್ ಪಕ್ಕದ ದ ವುಡ್‌ಲ್ಯಾಂಡ್ಸ್‌ನಲ್ಲಿ ವಾಸ. ಎಣ್ಣೆ ಕಂಪನಿಯಲ್ಲಿ ಪೈಪುಗಳೊಳಗಿನ ಒತ್ತಡ ಅಳೆಯುತ್ತಾ ನಿವೃತ್ತರಾದವರು. ಏಳು ವರ್ಷದ ಹಿಂದೆ ಅವರಿಗೂ ಸ್ಟೆಂಟ್ ಹಾಕಿದ್ದರು. ಆಗ ಯಾರೂ ಏನೂ ಅಳೆದಿರಲಿಲ್ಲ.

‘ನಮ್ಮ ಡಾಕ್ಟರ್ ಫೋಟೋ ನೋಡಿದ ಕೂಡ್ಲೆ ಹೇಳಿದ್ರು, ಹೊಸಾ ನಳಾ ಹಾಕಿದಂಗ ಆಗೇತಿ ಅಂತ,’ ಎಂದು ಫೋನಿನಲ್ಲಿ ನಕ್ಕರು. ‘ನಿನಗ ಯಾಕ ಬೇಕಿತ್ತು ಈ ಪರೀಕ್ಷಾ?’

ಜೀವಮಾನವಿಡೀ ಪೈಪಿನ ಒಳಗೆ ಮೀಟರ್ ಇಡದೆ ಒಂದು ಮಾತನ್ನೂ ನಂಬದ ಮನುಷ್ಯ ತನ್ನ ಹೃದಯದ ವಿಷಯಕ್ಕೆ ಬಂದಾಗ ಫೋಟೋ ನೋಡಿ ಒಪ್ಪಿಕೊಂಡಿದ್ದರು. ಇದನ್ನು ಹೇಳಿದೆ. ಅವರು ಅಕ್ಕನ ಕೈಗೆ ಫೋನ್ ಕೊಟ್ಟರು.

ಎರಡು ತಿಂಗಳ ನಂತರ ಆಸ್ಟಿನ್‌ನಲ್ಲಿ ಓದುವ ನನ್ನ ಮಗಳು ಬೇರೆ ಅಪಾರ್ಟ್‌ಮೆಂಟಿಗೆ ಶಿಫ್ಟ್ ಆದಳು. ನಾವು ಡಾಲಸ್ ಕಡೆಯಿಂದ, ಅಕ್ಕ ಭಾವ ಹ್ಯೂಸ್ಟನ್ ಕಡೆಯಿಂದ ಡ್ರೈವ್ ಮಾಡಿಕೊಂಡು ಹೋದೆವು. ಮನೆ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಹೆಂಗಸರು ಮುಂದೆ ಹತ್ತಿದರು. ನಾನು ಹೊಸ ಶಿಸ್ತಿನ ಪ್ರಕಾರ ನಿಧಾನವಾಗಿ ಹಿಂದೆ ಬರುತ್ತಿದ್ದೆ. ಎರಡನೇ ಮಹಡಿಯ ತಿರುವಿನಲ್ಲಿ ಭಾವ ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದರಲ್ಲಿ ಫೋನ್ ಹಿಡಿದು, ತುಂಬಾ ಗಂಭೀರವಾಗಿ ಪರದೆ ನೋಡುತ್ತಾ ನಿಂತಿದ್ದರು.

ಪರದೆ ಕಪ್ಪಗಿತ್ತು.

ಈ ವಿದ್ಯೆಯಲ್ಲಿ ನಾನು ಪಂಡಿತ. ‘ಎಷ್ಟು ದಿನದಿಂದ ಭಾವ?’ ಎಂದೆ.

ಅವರು ಮೊದಲು ಉಸಿರು ಕೂಡಿಸಿಕೊಂಡರು. ಹಣೆಯಲ್ಲಿ ಬೆವರಿತ್ತು. ‘ಆರು ತಿಂಗಳಾತು,’ ಎಂದರು. ‘ವಯಸ್ಸಾತಲ್ಲ, ಅದಕ್ಕ. ನಿಮ್ಮ ಅಕ್ಕಗ ಹೇಳಬ್ಯಾಡ.’

‘ಹೇಳಲ್ಲ,’ ಎಂದೆ.

ಮೇಲೆ ಹೋಗಿ ಚಪ್ಪಲಿ ಬಿಟ್ಟು ನೇರವಾಗಿ ಅಕ್ಕನ ಹತ್ತಿರ ಹೋಗಿ ಹೇಳಿದೆ.

ಆ ಮಧ್ಯಾಹ್ನದ ಊಟ ಚೆನ್ನಾಗಿರಲಿಲ್ಲ. ಅಕ್ಕ ಕೂಗಾಡಲಿಲ್ಲ, ಅನ್ನ ಬಡಿಸುತ್ತಾ ಒಂದೇ ಮಾತು ಕೇಳಿದಳು: ‘ಆರು ತಿಂಗಳು ನನ್ನ ಪಕ್ಕದಲ್ಲೇ ಮಲಗಿದ್ರಲ್ಲ, ಒಂದು ದಿನಾನೂ ಹೇಳಬೇಕು ಅನಿಸಲಿಲ್ವಾ?’ ಭಾವ ತಟ್ಟೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆ ನೋಟಕ್ಕೆ ಸಂಖ್ಯೆ ಕೊಡುವ ತಂತಿ ಇನ್ನೂ ಬಂದಿಲ್ಲ. ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದುವ ನನ್ನ ಮಗಳು ಮಾತ್ರ ಇಂಗ್ಲಿಷಿನಲ್ಲಿ, ಮಾವನಿಗೂ ಅಳತೆ ಮಾಡಿಸಿದರೆ ಊಹೆ ಮಾಡುತ್ತಾ ಕೂರಬೇಕಿಲ್ಲ ಎಂದು ತಣ್ಣಗೆ ಹೇಳಿ ಮೊಸರು ಕೇಳಿದಳು.

ಮುಂದಿನ ವಾರ ಹ್ಯೂಸ್ಟನ್‌ನಲ್ಲಿ ಭಾವನ ನಾಳದೊಳಗೂ ತಂತಿ ಹೋಯಿತು. ಹಳೆಯ ಸ್ಟೆಂಟಿನ ತುದಿಯಲ್ಲಿ ನಾಳ ಮತ್ತೆ ಕಿರಿದಾಗಿತ್ತು. ಎಪ್ಪತ್ತೊಂದು. ಅಲ್ಲಿಗೆ ಇನ್ನೊಂದು ಸ್ಟೆಂಟ್ ಹಾಕಿ ಮತ್ತೆ ಅಳೆದರು. ನಾನು ಹೊರಗೆ ಅಕ್ಕನ ಪಕ್ಕ ಕೂತಿದ್ದೆ. ಡಾಕ್ಟರು ಬಂದು ತೊಂಬತ್ತಮೂರು ಎಂದಾಗ ಅಕ್ಕ ನನ್ನ ಕೈ ಹಿಡಿದು ಅತ್ತಳು. ನನಗೆ ನಿಜವಾಗಿಯೂ ಸಂತೋಷವಾಯಿತು. ಎರಡನೇ ನಿಮಿಷದಲ್ಲಿ ಆರು ಅಂಕಗಳ ವ್ಯತ್ಯಾಸ ನೆನಪಾಯಿತು ಎಂಬುದನ್ನೂ ಮುಚ್ಚಿಡುವುದಿಲ್ಲ.

ಭಾವ ಮೂರು ವಾರ ನನ್ನೊಡನೆ ಮಾತಾಡಲಿಲ್ಲ. ಕೊಟ್ಟ ಮಾತು ಮುರಿದವನು ನಾನು ಎಂದು ಅಕ್ಕನ ಮೂಲಕ ಹೇಳಿ ಕಳಿಸಿದರು. ಜೊತೆಗೆ, ತಮ್ಮದು ತೊಂಬತ್ತಮೂರು ಎಂದೂ ಹೇಳಿ ಕಳಿಸಿದರು.

ಸ್ಟೆಂಟ್ ಹಾಕಿ ವರ್ಷ ತುಂಬಿದಾಗ ನನ್ನ ಡಾಕ್ಟರ ಬಳಿ ಹೋದೆ. ‘ಇನ್ನೊಂದು ಸಲ ಅಳೆಯಬಹುದೇ?’ ಎಂದು ಕೇಳಿದೆ.

‘ನಡೆಯುವಾಗ ನೋವು ಬರುತ್ತಾ?’

‘ಇಲ್ಲ. ದಿನಾ ಮೂರು ಮೈಲಿ ನಡೀತೀನಿ.’

‘ಮತ್ಯಾಕೆ ಅಳೀಬೇಕು?’

ಭಾವನಿಗೆ ನನಗಿಂತ ಜಾಸ್ತಿ ಬಂದಿದೆ ಎಂದು ಐವತ್ತಮೂರು ವರ್ಷದವನು ಹೇಗೆ ಹೇಳುವುದು? ಅಂಗಿಯ ಗುಂಡಿ ಹಾಕಿಕೊಂಡೆ.

ಅದೇ ವಾರ ಹ್ಯೂಸ್ಟನ್‌ನಿಂದ ಒಂದು ಪಾರ್ಸಲ್ ಬಂತು. ಊರಿಂದ ಯಾರೋ ತಂದುಕೊಟ್ಟ ಧಾರವಾಡ ಪೇಡಾ. ಸಂಜೆ ಭಾವ ತಾವೇ ಫೋನ್ ಮಾಡಿದರು. ‘ಪೇಡಾ ನಿನಗಲ್ಲ, ನಿನ್ನ ಹೆಂಡ್ತಿಗೆ,’ ಎಂದರು. ಆಮೇಲೆ, ‘ಅವತ್ತ ನೀ ಹೇಳಿದ್ದು ಛಲೋ ಆತು ಬಿಡು,’ ಎಂದವರೇ ಫೋನ್ ಇಟ್ಟುಬಿಟ್ಟರು.

ಹೆಂಡತಿ ಒಂದು ಪೇಡಾದ ಕಾಲು ಭಾಗ ಮುರಿದು ನನ್ನ ಕೈಗಿಟ್ಟಳು. ಉಳಿದದ್ದನ್ನು ಎಲ್ಲಿಟ್ಟಿದ್ದಾಳೋ, ಇನ್ನೂ ಸಿಕ್ಕಿಲ್ಲ.