ಹೊಳಿಯವರು ಗುಡ್ಡದವರಾದ ಕಥೆ

ಸ್ಕೈಪ್ ಕಟ್ಟಾಗಬಹುದಿತ್ತು. ಊರಲ್ಲಿ ಕರೆಂಟ್ ಹೋಗಬಹುದಿತ್ತು. ವಂಶಾವಳಿ ಹೇಳುವ ಹೆಳವ ಬಾರದೇ ಇರಬಹುದಿತ್ತು. ಬಂದರೂ, ನಮ್ಮ ಬೆಡಗು, ಅಂದರೆ ಕುಲದ ಬಳಿ, ಮತ್ತು ಮಗಳು ಮೆಚ್ಚಿದ ಹುಡುಗನ ಬೆಡಗು ಒಂದೇ ಎಂದುಬಿಟ್ಟರೆ ಇಬ್ಬರೂ ಅಣ್ಣ-ತಂಗಿಯಾಗಿ ಮದುವೆಯೇ ಮುರಿಯಬಹುದಿತ್ತು. ಹುಡುಗನ ಅಡ್ಡಹೆಸರು ಹೊಳಿಯವರ. ನಾವು ಗುಡ್ಡದ. ಆದರೆ ಹಿಂದೆ ನಾವೂ ಹೊಳಿಯವರೇ ಆಗಿದ್ದೆವೆಂದು ಅಜ್ಜಿ ಹೇಳಿದ್ದು ನೆನಪಾಗಿ, ನನ್ನ ನಿದ್ದೆ ಹಾರಿಹೋಗಿತ್ತು.

ಊರಲ್ಲಿರುವ ತಮ್ಮನ ಮೊಬೈಲಿನಲ್ಲಿ ಹೆಳವಪ್ಪ ಕಾಣಿಸಿದರು. ಹಳೆಯ ಹೊತ್ತಿಗೆ ಬಿಚ್ಚಿ, ಎರಡೂ ಮನೆತನಗಳ ಹಿರಿಯರನ್ನು ರಾಗವಾಗಿ ಹೇಳಿ ನಕ್ಕರು.

"ಹೊಳಿ ದಂಡಿಗಿ ಇದ್ದವ್ರೆಲ್ಲಾ ಹೊಳಿಯವ್ರ ಆದ್ರು. ಬೆಡಗ ಬ್ಯಾರೆ ಅದಾವ್ರಿ, ಧೈರ್ಯಲೆ ಲಗ್ನಾ ಮಾಡ್ರಿ."

"ಮತ್ತ ನಾವು ಗುಡ್ಡದವ್ರು ಹೆಂಗಾದ್ವಿರಿ?"

"ನಿಮ್ಮ ಮುತ್ತಜ್ಜ ಭಾಳ ಅಂಜುಬುರುಕ್ರಿ! ಹೊಳಿ ಬರತೈತಿ ಅಂತ ಹೆಂಡ್ರು ಮಕ್ಕಳನ್ನ ಕರಕೊಂಡು ಗುಡ್ಡಾ ಏರಿದಾ. ಹೊಳಿ ಅವರ ಮನಿ ಮೆಟ್ಟಲಾ ಸೈತ ಮುಟ್ಟಲಿಲ್ಲ."

ಈ ಪರದೇಶದ ರೊಟೊಟೂನದಲ್ಲಿ ಈ ಮನೆ ಕೊಳ್ಳುವಾಗ, ನದಿ ಎಷ್ಟು ದೂರವಿದೆ ಎಂದು ಏಜೆಂಟನ ಪ್ರಾಣ ತಿಂದವನು ನಾನೇ.

ಮದುವೆ ಸುಸೂತ್ರವಾಗಿ ನಡೆಯಿತು. ಎಡವಟ್ಟಾದದ್ದು ಒಂದೇ. ಎಲ್ಲದಕ್ಕೂ ಇಂಗ್ಲಿಷಿನಲ್ಲೇ ಉತ್ತರಿಸುವ ನನ್ನ ಮಗಳು ಆ ಸ್ಕೈಪ್ ಕರೆಯ ದಿನ ನನ್ನ ಪಕ್ಕದಲ್ಲೇ ಕೂತಿದ್ದಳು, ಹೆಳವಪ್ಪನ ಒಂದೊಂದು ಮಾತೂ ಅವಳಿಗೆ ಅರ್ಥವಾಗಿಬಿಟ್ಟಿತ್ತು. ಈಗ ಅವಳು ತವರಿಗೆ ಬಂದಾಗ ನಾನು ಬಾಗಿಲ ಚಿಲಕವನ್ನು ಇನ್ನೊಮ್ಮೆ ನೋಡಲು ಎದ್ದರೆ ಸಾಕು, ಅಚ್ಚ ಕನ್ನಡದಲ್ಲಿ ಕೇಳುತ್ತಾಳೆ: "ಅಪ್ಪಾ, ಹೊಳಿ ಬಂತೇನು?"