ಚಿಕ್ಕಮ್ಮನ ಎಣಿಕೆ

ಮನೆಯಲ್ಲಿ ಒಂದು ಮೊಟ್ಟೆಯನ್ನೂ ನೆಟ್ಟಗೆ ಒಡೆಯಲು ಬಾರದ ನನ್ನ ಚಿಕ್ಕಮ್ಮ, ಪ್ರಯೋಗಾಲಯದಲ್ಲಿ ಹದಿನೆಂಟು ವರ್ಷ ಮೊಟ್ಟೆ ಒಡೆದೇ ಹೊಟ್ಟೆ ಹೊರೆದವಳು. ನಾವು ಮೊಟ್ಟೆ ಡಾಕ್ಟರ್ ಎಂದು ರೇಗಿಸುತ್ತಿದ್ದೆವು. ಅವಳೇನೂ ಡಾಕ್ಟರಲ್ಲ, ಅಲ್ಲಿನ ಸಹಾಯಕಿ. ಕಾವು ಕೊಟ್ಟ ಮೊಟ್ಟೆಯ ಚಿಪ್ಪಿನಲ್ಲಿ ಉಗುರಗಲದ ಕಿಟಕಿ ಕೊರೆದು, ಒಳಗಿನ ಪೊರೆಯ ಮೇಲೆ ಔಷಧಿಯ ಪುಟ್ಟ ಬಿಲ್ಲೆ ಇಟ್ಟು, ಅದರತ್ತ ಎಷ್ಟು ಹೊಸ ರಕ್ತನಾಳ ಬೆಳೆದು ಬಂದವೆಂದು ಎಣಿಸುವುದು ಅವಳ ಕೆಲಸ.

ಒಮ್ಮೆ ನನ್ನನ್ನೂ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಹಿಂದಿನ ದಿನ ಖಾಲಿಯಿದ್ದ ಜಾಗದಲ್ಲಿ ಕೂದಲೆಳೆಯಂಥ ಕೆಂಪು ಗೆರೆಗಳು ಕವಲೊಡೆದಿದ್ದವು. ನಡುವೆ ಸಾಸಿವೆಯಷ್ಟು ಹೃದಯ ಮಿಡಿಯುತ್ತಿತ್ತು. ಮರಿಗೆ ಜೀವ ಕೊಡುವ ಈ ಬೆಳವಣಿಗೆಯೇ ಕ್ಯಾನ್ಸರ್ ಗಡ್ಡೆಗೂ ಊಟ ಹಾಕುತ್ತದೆ, ಗಡ್ಡೆ ತನ್ನತ್ತ ನಾಳಗಳನ್ನು ಕರೆಸಿಕೊಂಡು ಕೊಬ್ಬುತ್ತದೆ ಎಂದಳು. ನನ್ನ ಅಮ್ಮನ ಕಣ್ಣಿನ ಹಿಂಪದರದಲ್ಲೂ ಅಂಥವೇ ಬೇಡದ ನಾಳಗಳು ಬೆಳೆದು ಸೋರುತ್ತಿದ್ದವು.

ಅಮ್ಮ ಬಟ್ಟೆ ಹೊಲಿಯುವವಳು. ತನ್ನ ತಂಗಿಯನ್ನು, ಅಂದರೆ ಚಿಕ್ಕಮ್ಮನನ್ನು, ಓದಿಸಿದ್ದೂ ಆ ಹೊಲಿಗೆಯಿಂದಲೇ. ಈಗ ನೇರ ಹೊಲಿಗೆಯೂ ಅವಳಿಗೆ ಡೊಂಕಾಗಿ ಕಾಣುತ್ತಿತ್ತು. ಸಿಗುವ ಚುಚ್ಚುಮದ್ದಿನಿಂದ ಗುಣ ಕಾಣಲಿಲ್ಲ. ಚಿಕ್ಕಮ್ಮನ ಪ್ರಯೋಗಾಲಯದಲ್ಲಿ, ನಾಳ ಬೆಳೆಯದಂತೆ ತಡೆಯುವ ಹೊಸ ಔಷಧಿಯ ಪರೀಕ್ಷೆ ಶುರುವಾದಾಗ ನಮಗೆಲ್ಲ ಅದೊಂದೇ ಆಸೆ.

ಅಲ್ಲಿ ಒಂದು ಕಟ್ಟುನಿಟ್ಟು. ಯಾವ ಮೊಟ್ಟೆಗೆ ಔಷಧಿ, ಯಾವುದಕ್ಕೆ ಬರೀ ನೀರು ಎಂಬುದು ಎಣಿಸುವವರಿಗೆ ಗೊತ್ತಿರಬಾರದು. ಚಿಪ್ಪಿನ ಮೇಲೆ ಪೆನ್ಸಿಲ್ಲಿನ ಅಂಕಿ ಮಾತ್ರ. ಆ ದಿನ ಯಾರೋ ಪುಣ್ಯಾತ್ಮರು ಗುಟ್ಟಿನ ಪಟ್ಟಿಯನ್ನು ಮೇಜಿನ ಮೇಲೇ ಬಿಟ್ಟು ಹೋಗಿದ್ದರು. ಚಿಕ್ಕಮ್ಮನ ಕಣ್ಣು ಬಿದ್ದೇಬಿಟ್ಟಿತು. ಏಳನೆಯದಕ್ಕೆ ಔಷಧಿ. ಬಗ್ಗಿ ನೋಡಿದರೆ ನಾಳಗಳು ಬಿಲ್ಲೆಯ ಹತ್ತಿರ ಬಂದು ಯಾರೋ ತಡೆದ ಹಾಗೆ ನಿಂತಿವೆ, ಹೃದಯ ಮಾತ್ರ ಮಿಡಿಯುತ್ತಲೇ ಇದೆ. ಎಣಿಸಿದಳು. ಆರು. ನೀರು ಹಾಕಿದವುಗಳಲ್ಲಿ ಮೂವತ್ತರ ಮೇಲಿದ್ದವು.

ತೆಪ್ಪಗೆ ಬರೆದಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ನಮ್ಮ ಚಿಕ್ಕಮ್ಮನಿಗೆ ತೆಪ್ಪಗಿದ್ದು ಅಭ್ಯಾಸವಿಲ್ಲವಲ್ಲ! ನೆಟ್ಟಗೆ ಪರೀಕ್ಷೆ ನಡೆಸುತ್ತಿದ್ದ ವಿಜ್ಞಾನಿಯ ಕೋಣೆಗೆ ಹೋದಳು.

"ಪಟ್ಟಿ ನೋಡ್ಬಿಟ್ಟೆ ಮೇಡಂ. ನನ್ನ ಎಣಿಕೆ ನಂಬಬೇಡಿ. ನನ್ನ ಕಣ್ಣಿಗೆ ಆಸೆ ಇದೆ."

ಮೇಡಂ ಆ ಮೊಟ್ಟೆಗಳನ್ನೆಲ್ಲ ಪರೀಕ್ಷೆಯಿಂದ ಕೈಬಿಟ್ಟರು. ಮತ್ತೆ ಹೊಸ ಮೊಟ್ಟೆ, ಹೊಸ ಅಂಕಿ, ಎಣಿಸಲು ಬೇರೊಬ್ಬರು. ವಾರಗಟ್ಟಲೆ ತಡವಾಯಿತು. ನನಗೆ ಚಿಕ್ಕಮ್ಮನ ಮೇಲೆ ಕೆಂಡದಂಥ ಕೋಪ ಬಂತು, ಮಾತು ಬಿಟ್ಟೆ.

ಕೊನೆಗೆ ಪಟ್ಟಿ ಬಿಚ್ಚಿದರು. ಔಷಧಿಯ ಮೊಟ್ಟೆಗಳಲ್ಲಿ ಐದು, ಆರು, ಏಳು, ಮತ್ತೆ ಆರು. ಅಂದು ಸಂಜೆ ಅವಳು ಅಮ್ಮನ ಹೊಲಿಗೆಯಂತ್ರದ ಪಕ್ಕ ಕೂತು ಎಲ್ಲ ಹೇಳಿದಳು. ಇದು ಮನುಷ್ಯರ ಕಣ್ಣಿಗೆ ಬರಲು ಇನ್ನೂ ಎಷ್ಟೋ ವರ್ಷ ಬೇಕು ಎಂಬುದನ್ನೂ ಮುಚ್ಚಿಡಲಿಲ್ಲ.

ಅಮ್ಮ ತಂಗಿಯ ಮುಖವನ್ನು ಕೈಯಿಂದ ತಡವಿ ಕೇಳಿದಳು, "ಹಾಗಾದ್ರೆ ನೀನು ಮೊದಲು ಎಣಿಸಿದ್ದು ಸರಿಯಾಗೇ ಇತ್ತು?"

"ಸರಿಯಾಗೇ ಇತ್ತು ಅಕ್ಕ."

"ಸಾಕು ಬಿಡು," ಎಂದಳು ಅಮ್ಮ. "ನನಗಲ್ದಿದ್ರೆ ಇನ್ಯಾರಿಗೋ ಆಗುತ್ತೆ. ಸುಳ್ಳಾಗಿದ್ರೆ ಯಾರಿಗೂ ಆಗ್ತಿರಲಿಲ್ಲ."

ನಾನು ಎದ್ದು ಹೋಗಿ ಚಿಕ್ಕಮ್ಮನ ಪಕ್ಕ ಕೂತೆ.